ಫೋನು ಅಡ್ಡ ತಿರುಗಿದ್ರೆ ಅವ್ವನ ಮಾತು ಯಾಕೆ ಅಳಿಸಿಹೋಗಬೇಕು?



ಆ್ಯಪ್ ಮಾಡೋ ನಮ್ಮ ಹುಡುಗ ಹುಡುಗೀರಿಗೆ ಒಂದು ಮಾತು. ಸ್ವಲ್ಪ ಉದ್ದ ಇದೆ, ಓದಿ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕು ಪಾಂಡವಪುರ ಉಪವಿಭಾಗಕ್ಕೆ ಸೇರಿದವು. ಸರ್ಕಾರ ನಮ್ಮವರಿಗೆ ಮಂಜೂರು ಮಾಡಿದ ಜಮೀನು ಷರತ್ತು ಮೀರಿ ಪರರ ಪಾಲಾಗಿದ್ರೆ, 1978ರ ಪಿಟಿಸಿಎಲ್ ಕಾಯ್ದೆಯ 5ನೇ ಕಲಂ ಪ್ರಕಾರ ವಾಪಸ್ ಕೊಡಿಸಿ ಅಂತ ಕೇಳಬೇಕಾದದ್ದು ಉಪವಿಭಾಗಾಧಿಕಾರಿ ಮುಂದೆ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಮಂಜಸ ಕಾಲದೊಳಗೆ ಬರಬೇಕು ಅಂದ ಮೇಲೆ, ತಡವಾಯ್ತು ಅನ್ನೋ ಕಾರಣಕ್ಕೇ ಎಷ್ಟೋ ಅರ್ಜಿ ಬಿದ್ದುಹೋದವು. ಹೋರಾಟ ಮಾಡಿ ಮಾಡಿ 2023ರಲ್ಲಿ ಕಾಲಮಿತಿ ಇಲ್ಲ ಅನ್ನೋ ತಿದ್ದುಪಡಿ ತರಿಸಿದ್ದಾಯ್ತು. ಹಂಗಾಗಿ ನಾವು ಕೇರಿ ಕೇರಿ ತಿರುಗಿ ಬರೆದುಕೊಳ್ತಿದೀವಿ: ಸರ್ವೆ ನಂಬರ್, ಮಂಜೂರಾದ ತಾರೀಖು, ಪರಭಾರೆ ಮಾಡಬಾರದು ಅನ್ನೋ ಷರತ್ತು ಎಷ್ಟು ವರ್ಷದ್ದು, ಯಾವಾಗ ಯಾರ ಕೈಗೆ ಹೋಯ್ತು. ಈ ತಾರೀಖುಗಳ ಮೇಲೇ ಕೇಸು ನಿಲ್ಲೋದು.

ಫಾರಂ ತುಂಬೋದು ಫೋನಲ್ಲಿ. ಸಾಗುವಳಿ ಚೀಟಿ ಮಡಿಸಿ ಮಡಿಸಿ ಗೆರೆ ಬಿದ್ದಿರುತ್ತೆ, ಪೂರ್ತಿ ಬರಬೇಕಂದ್ರೆ ಫೋನು ಅಡ್ಡ ಹಿಡಿಯಲೇಬೇಕು. ಹಿಡಿದ ತಕ್ಷಣ ತುಂಬಿದ್ದೆಲ್ಲಾ ಖಾಲಿ! ನಾಗಮಂಗಲ ಕಡೆ ಒಬ್ಬ ಅವ್ವ, "ಅಲ್ಲ ಮಗ, ಈಗ್ತಾನೆ ಎಲ್ಲಾನೂ ಹೇಳುದ್ನಲ್ಲ?" ಅಂದ್ರು. ಗಂಡನ ಕಾಯಿಲೆ ಖರ್ಚಿಗೆ ಹೆಬ್ಬೆಟ್ಟು ಒತ್ತಿದ ಕಥೆ ಅದು. ಎರಡನೇ ಸಲ ಹೇಳುವಾಗ ವರ್ಷವೇ ಬದಲಾಯ್ತು. ಯಾವುದು ಸರಿ ಅಂತ ಅವರಿಗೂ ಗೊತ್ತಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಮಗ, "ಎಷ್ಟ್ ಜನ ಬರಕೊಂಡೋದ್ರು ಬುಡಿ" ಅಂತ ಎದ್ದು ಹೋದ.

ಯಾಕೆ ಹಿಂಗಾಗುತ್ತೆ? ಫೋನು ತಿರುಗಿದ್ರೆ ಆಂಡ್ರಾಯ್ಡ್ ಪರದೇನ ಬರೀ ಅಡ್ಡ ಮಲಗಿಸಲ್ಲ. ಅಡ್ಡಕ್ಕೆ ಬೇರೆ ವಿನ್ಯಾಸ ಇರಬಹುದು ಅಂತ ಇದ್ದ ಆಕ್ಟಿವಿಟೀನ ಕೆಡವಿ ಹೊಸದು ಕಟ್ಟುತ್ತೆ. ಟೈಪಿಸೋ ಪೆಟ್ಟಿಗೆಗೆ ಐಡಿ ಕೊಟ್ಟಿದ್ರೆ ಅದರ ಅಕ್ಷರ ತಾನಾಗೇ ಉಳಿಯುತ್ತೆ. ವೇರಿಯಬಲ್‌ನಲ್ಲಿ ಇಟ್ಟಿದ್ದ ತಾರೀಖು, ವಾರಸುದಾರರ ಪಟ್ಟಿ ಉಳಿಯಲ್ಲ. ಕಂಪೋಸ್‌ನಲ್ಲಿ ಮಾಡೋರು ಬರೀ 'ರಿಮೆಂಬರ್' ಬರೆದ್ರೆ ಪೆಟ್ಟಿಗೆಯ ಅಕ್ಷರವೂ ಹೋಗುತ್ತೆ, 'ರಿಮೆಂಬರ್‌ಸೇವಬಲ್' ಬೇಕು.

ವ್ಯೂಮಾಡೆಲ್‌ನಲ್ಲಿ ಇಟ್ರೆ ತಿರುಗಿಸಿದಾಗ ಉಳಿಯುತ್ತೆ, ನಿಜ. ಅಷ್ಟಕ್ಕೇ ನಿಲ್ಲಿಸಬೇಡಿ. ನಮ್ಮ ಕಾರ್ಯಕರ್ತರದ್ದು ಕಮ್ಮಿ ಮೆಮೊರಿಯ ಫೋನು. ಕ್ಯಾಮೆರಾ ತೆರೆದಾಗ ಹಿಂದಿರೋ ಆ್ಯಪನ್ನ ಫೋನೇ ಮುಗಿಸಿಬಿಡಬಹುದು, ಆಗ ವ್ಯೂಮಾಡೆಲ್ಲೂ ಹೋಯ್ತು. 'ಸೇವ್ಡ್ ಸ್ಟೇಟ್' ಅಂಥಾ ಹೊತ್ತಲ್ಲೂ ಉಳಿಯುತ್ತೆ, ಆದ್ರೆ ಅದು ಚಿಕ್ಕ ಜೋಳಿಗೆ. ಅದಕ್ಕೆ ಫೋಟೋ ತುರುಕಿದ್ರೆ ಆ್ಯಪೇ ಬಿದ್ದುಹೋಗುತ್ತೆ. ಒಂದೊಂದು ಉತ್ತರ ಬಂದ ಹಂಗೇ ಫೋನಿನೊಳಗಿನ ಡೇಟಾಬೇಸ್‌ಗೆ ಕರಡಾಗಿ ಬರೆದುಬಿಡಿ. ಕೊನೇಲಿ 'ಸಲ್ಲಿಸು' ಒತ್ತೋ ತನಕ ಕಾಯಬೇಡಿ. ಸಲ್ಲಿಕೆ ಆಗಿದೆ ಅಂತ ಖಾತ್ರಿಯಾದ ಮೇಲೆ ಆ ಕರಡನ್ನ ಅಳಿಸಿ. ಜಮೀನು ವಾಪಸ್ ಕೇಳ್ತಿರೋರು ಯಾರು ಅನ್ನೋದು ಕಂಡವರ ಕೈಗೆ ಸಿಗಬಾರದು, ಊರಲ್ಲಿ ಬದುಕೋರು ಅವರು.

"ಪರದೇನ ಉದ್ದಕ್ಕೇ ಲಾಕ್ ಮಾಡಿದ್ರಾಯ್ತು ಬುಡಣ್ಣ" ಅಂದ ಒಬ್ಬ ತಮ್ಮ. ನಾನು ಒಪ್ಪಲ್ಲ. ಫೋನಿನ ಭಾಷೆ ಬದಲಾಯಿಸಿದ್ರೂ ಆಕ್ಟಿವಿಟಿ ಹಿಂಗೇ ಬಿದ್ದು ಏಳುತ್ತೆ. ಆಂಡ್ರಾಯ್ಡ್ 16ಕ್ಕೆ ಅಂತ ಮಾಡಿದ ಆ್ಯಪಿನಲ್ಲಿ, ಟ್ಯಾಬ್‌ನಂಥ ದೊಡ್ಡ ಪರದೆ ಮೇಲೆ ಆ ಲಾಕು ಲೆಕ್ಕಕ್ಕೇ ಇಲ್ಲ.

ಡೆವಲಪರ್ ಆಪ್ಷನ್ಸ್‌ಗೆ ಹೋಗಿ, ಆಕ್ಟಿವಿಟಿ ಉಳಿಸಿಕೊಳ್ಳಬೇಡ ಅನ್ನೋದನ್ನ ಆನ್ ಮಾಡಿ. ಅರ್ಧ ಫಾರಂ ತುಂಬಿ, ಕ್ಯಾಮೆರಾಕ್ಕೆ ಹೋಗಿ ಬನ್ನಿ, ಅಡ್ಡ ಉದ್ದ ನಾಲ್ಕು ಸಲ ತಿರುಗಿಸಿ. ಒಂದಕ್ಷರ ಕಳೆದ್ರೂ ಆ ಆ್ಯಪನ್ನ ಕೇರಿಗೆ ತರಬೇಡಿ. ಸರಿ ಮಾಡೋಕೆ ಭಾನುವಾರ ಪಾಂಡವಪುರದಲ್ಲಿ ಕೂರ್ತಿದೀವಿ, ಲ್ಯಾಪ್‌ಟಾಪ್ ಇರೋರು ತಗೊಂಡು ಬನ್ನಿ. ಊಟ ನಮ್ಮದು.

ಜೈಭೀಮ್.