ಪ್ರಶ್ನೆ ಪೂರ್ಣವಾದರೆ ಉತ್ತರ ದೂರವಿಲ್ಲ

ವ್ಯಾಕರಣ ಓದಿದ ಹಿರಿಯರ ಮನೆಗೆ ಮಕ್ಕಳು ಸಂಧಿ, ಸಮಾಸ ಕೇಳಲು ಬರುವುದು ನಮ್ಮ ಕಡೆಯ ಹಳೆಯ ರೂಢಿ. ನಮ್ಮಲ್ಲಿಗೆ ಬರುವ ಮಕ್ಕಳು ಕೆಲವು ವರ್ಷಗಳಿಂದ ಬೇರೊಂದು ಭಾಷೆಯ ವ್ಯಾಕರಣವನ್ನು ಕೇಳುತ್ತಿದ್ದಾರೆ. ಅದು ಗಣಕಯಂತ್ರಕ್ಕೆ ಕೆಲಸ ಹೇಳುವ ಪೈಥಾನ್ ಭಾಷೆ. ಕೇಳುವವರು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಪಿಯು, ಡಿಪ್ಲೊಮಾ, ಬಿಸಿಎ ವಿದ್ಯಾರ್ಥಿಗಳು. ಕೆಲವರು ರವಿವಾರ ಬಂದು ಪಡಸಾಲೆಯಲ್ಲಿ ಕುಳಿತು ಕೇಳುತ್ತಾರೆ. ಕೆಲವರು ಫೋನಿನಲ್ಲಿ ಚಿತ್ರ ಕಳುಹಿಸಿ ಕೇಳುತ್ತಾರೆ.

ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನೂ ಶಬ್ದಮಣಿದರ್ಪಣವನ್ನೂ ಓದಿದವರಿಗೆ ಈ ಯಂತ್ರಭಾಷೆಯೊಡನೆ ಏನು ನಂಟು ಎಂದು ವಾಚಕರಿಗೆ ಅನ್ನಿಸಬಹುದು. ಹಳಗನ್ನಡ ಗ್ರಂಥಗಳಿಗೆ ಪದಸೂಚಿ ಸಿದ್ಧಪಡಿಸುವ ಕಾರ್ಯದಲ್ಲಿ ಸಾವಿರಾರು ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿ ನಮ್ಮ ಕಣ್ಣು ಬಳಲಿದ್ದವು. ಆ ಶ್ರಮವನ್ನು ತಗ್ಗಿಸಿಕೊಳ್ಳಲು ಐವತ್ತು ದಾಟಿದ ಮೇಲೆ ನಾವು ಪೈಥಾನ್ ಕಲಿತೆವು. ಕಲಿತದ್ದನ್ನು ಒಬ್ಬರಿಗೆ ಹೇಳಿದೆವು. ಅವರು ಹತ್ತು ಜನರಿಗೆ ಹೇಳಿದರು.

ಹೆಸರು ಕೇಳಿ ಕೆಲವು ತಾಯಂದಿರು ಗಾಬರಿಗೊಂಡದ್ದೂ ಉಂಟು. "ಹುಡುಗ ಹೆಬ್ಬಾವು ಕಲಿಯಾಕ ಹತ್ಯಾನಂತ್ರೀ" ಎಂದು ಒಬ್ಬ ತಾಯಿ ನಮ್ಮನ್ನೇ ವಿಚಾರಿಸಿದ್ದರು. ನೆದರ್ಲೆಂಡ್ಸ್ ದೇಶದ ಗಿಡೊ ವಾನ್ ರಾಸಮ್ ಎಂಬವರು ಈ ಭಾಷೆಯನ್ನು ರೂಪಿಸಿ 1991ರಲ್ಲಿ ಲೋಕಕ್ಕೆ ನೀಡಿದರು. ಹೆಸರು ಹಾವಿನಿಂದ ಬಂದುದಲ್ಲ; ಬ್ರಿಟನ್ನಿನ ದೂರದರ್ಶನದಲ್ಲಿ ಬರುತ್ತಿದ್ದ ಮಾಂಟಿ ಪೈಥಾನ್ ಎಂಬ ಹಾಸ್ಯ ಕಾರ್ಯಕ್ರಮದಿಂದ ಬಂದುದು. ಇದನ್ನು ತಿಳಿದ ಮೇಲೆ ಆ ತಾಯಿ ನಕ್ಕರು.

ಮಕ್ಕಳು ಕೇಳುವ ಪ್ರಶ್ನೆಗಳು ದೊಡ್ಡವಲ್ಲ, ನಿತ್ಯದವು. ಗೋಕಾಕದ ಒಬ್ಬ ಹುಡುಗ ಕರದಂಟಿನ ಅಂಗಡಿಗೆಂದು ಬಿಲ್ಲು ಮಾಡುವ ಪ್ರೋಗ್ರಾಮು ಬರೆಯುತ್ತಿದ್ದ. ಒಂದು ಬಗೆಯ ಎರಡು ಡಬ್ಬಿ, ಇನ್ನೊಂದು ಬಗೆಯ ಮೂರು ಡಬ್ಬಿ. ಒಟ್ಟು ಎಷ್ಟೆಂದು ಕೇಳಿದರೆ ಯಂತ್ರ 23 ಎಂದಿತು. "ಗುರುಗಳ, ಎರಡಕ್ಕ ಮೂರು ಕೂಡಿಸಿದ್ರ ಇಪ್ಪತ್ಮೂರು ಬರಾಕ ಹತ್ತೈತ್ರಿ. ಮಷಿನ್ ಕೆಟ್ಟೈತೇನ್ರಿ?" ಎಂದು ಕೇಳಿದ.

ಇಂಥಲ್ಲಿ ಉತ್ತರವನ್ನು ಒಂದೇ ಸಾಲಿನಲ್ಲಿ ಬರೆದುಕೊಡುವುದು ಸುಲಭ. ಆದರೆ ನಮ್ಮ ವಿದ್ಯಾಗುರುಗಳು ನಮಗೆ ಹಾಗೆ ಕಲಿಸಲಿಲ್ಲ. ಶಿಷ್ಯ ಸಂದೇಹ ತಂದರೆ, ಮೊದಲು ಆ ಸಂದೇಹವನ್ನೇ ಪೂರ್ಣವಾಗಿ ಹೇಳಿಸುತ್ತಿದ್ದರು. ಶಾಸ್ತ್ರದಲ್ಲಿ ಪೂರ್ವಪಕ್ಷವನ್ನು ಸರಿಯಾಗಿ ನಿಲ್ಲಿಸದವನಿಗೆ ಸಿದ್ಧಾಂತ ಹೇಳುವ ಅಧಿಕಾರವಿಲ್ಲ. ಆ ಪಾಠವನ್ನು ಅನುಸರಿಸಿ ನಾವು ಎಲ್ಲರಿಗೂ ಮೂರು ಮಾತು ಕೇಳುತ್ತೇವೆ: ನೀನು ಬರೆದದ್ದೇನು? ಬರಬೇಕೆಂದು ಎಣಿಸಿದ್ದೇನು? ಬಂದದ್ದೇನು? ಈ ಮೂರನ್ನೂ ಕಾಗದದ ಮೇಲೆ ಬರೆಯುವಷ್ಟರಲ್ಲಿ ಎಷ್ಟೋ ಮಕ್ಕಳು "ತಿಳೀತ್ರಿ" ಎಂದು ತಾವೇ ಎದ್ದು ಹೋಗುತ್ತಾರೆ.

ಆ ಹುಡುಗನಿಗೆ, ನೀನು ಒತ್ತಿದ 2 ಯಾವ ಜಾತಿಯದೆಂದು ಯಂತ್ರವನ್ನೇ ಕೇಳು ಎಂದೆವು. ಅದಕ್ಕೆ ಪೈಥಾನ್‌ನಲ್ಲಿ 'ಟೈಪ್' ಎಂಬ ಆಜ್ಞೆಯಿದೆ. ಯಂತ್ರ ಅದನ್ನು ಸಂಖ್ಯೆ ಎನ್ನಲಿಲ್ಲ, ಅಕ್ಷರಮಾಲೆ ಎಂದಿತು. 'ಇನ್‌ಪುಟ್' ಮೂಲಕ ಕೀಲಿಮಣೆಯಿಂದ ಬಂದುದೆಲ್ಲವೂ ಪೈಥಾನ್‌ಗೆ ಬರಹವೇ. ಎರಡು ಬರಹಗಳ ನಡುವೆ ಕೂಡುವ ಚಿಹ್ನೆ ಬಂದರೆ ಅದು ಒಂದರ ಪಕ್ಕ ಇನ್ನೊಂದನ್ನು ಬರೆಯುತ್ತದೆ. 'ಇಂಟ್' ಎಂಬ ಆಜ್ಞೆಯಿಂದ ಸಂಖ್ಯೆ ಮಾಡಿಕೊಂಡರೆ 5 ಬರುತ್ತದೆ. ಕನ್ನಡ ಅಂಕಿಗಳಾದ ೨, ೩ ಎಂದು ಒತ್ತಿದರೂ ಆ ಆಜ್ಞೆ ಅವನ್ನು ಅರಿಯುತ್ತದೆ ಎಂದು ತೋರಿಸಿದಾಗ ಹುಡುಗನ ಮುಖ ಅರಳಿತು.

ಮೂಡಲಗಿಯ ಕಡೆಯ ಒಬ್ಬ ಹುಡುಗಿಯ ಪ್ರಶ್ನೆ ಇದಕ್ಕಿಂತ ಚಿಕ್ಕದು. ಅದರ ಹಿಂದಿನ ಸಂಕಟ ದೊಡ್ಡದು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಯಾರದೋ ಹಳೆಯ ಪುಸ್ತಕ ನೋಡಿ ಪ್ರೋಗ್ರಾಮು ಬರೆದರೆ ಪ್ರತಿ ಸಲವೂ ಪರದೆಯ ಮೇಲೆ ಕೆಂಪು ಅಕ್ಷರ. "ನನಗ ಇದು ತಲಿಗೆ ಹತ್ತೂದಿಲ್ರಿ, ಕಾಲೇಜು ಬಿಡ್ತೇನ್ರಿ" ಎಂದಳು. ಆ ಕೆಂಪು ಸಾಲುಗಳನ್ನು ಓದಿದೆಯೇನವ್ವಾ ಎಂದರೆ ಓದಿಲ್ಲವೆಂದಳು. ಯಂತ್ರ ಇಂಗ್ಲಿಷಿನಲ್ಲಿ ಬೈಯುತ್ತಿದೆ ಎಂದೇ ಆ ಮಗು ತಿಳಿದಿತ್ತು.

ಪೈಥಾನ್‌ನ ದೋಷಸೂಚನೆಯನ್ನು ಕೊನೆಯ ಸಾಲಿನಿಂದ ಓದಲು ತೊಡಗಬೇಕು. ಏನಾಯಿತೆಂಬುದು ಅಲ್ಲಿರುತ್ತದೆ, ಎಲ್ಲಿ ಆಯಿತೆಂಬುದು ಅದರ ಮೇಲಿನ ಸಾಲುಗಳಲ್ಲಿರುತ್ತದೆ. ಅವಳ ಪರದೆಯ ಕೊನೆಯ ಸಾಲಿನ ಅರ್ಥ ಇಷ್ಟೇ: 'ಪ್ರಿಂಟ್' ಎಂಬುದಕ್ಕೆ ಆವರಣ ಚಿಹ್ನೆ ಬಿಟ್ಟುಹೋಗಿದೆ. ಅವಳ ಪುಸ್ತಕ ಪೈಥಾನ್‌ನ ಎರಡನೆಯ ಆವೃತ್ತಿಯದು. ಡಿಸೆಂಬರ್ 2008ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಆವರಣ ಚಿಹ್ನೆ ಕಡ್ಡಾಯವಾಯಿತು. ಎರಡನೆಯದರ ಪಾಲನೆ 2020ರ ಜನವರಿ 1ಕ್ಕೆ ನಿಂತುಹೋಯಿತು. ಪುಸ್ತಕ ಹಳೆಯದಾಗಿತ್ತೇ ಹೊರತು ಹುಡುಗಿಯ ಬುದ್ಧಿ ಮಂದವಾಗಿರಲಿಲ್ಲ. ಅಂದಿನಿಂದ ಪ್ರತಿಯೊಂದು ದೋಷಸೂಚನೆಯ ಕೊನೆಯ ಸಾಲನ್ನು ವಹಿಯಲ್ಲಿ ಬರೆದು, ಕೆಳಗೆ ಕನ್ನಡದಲ್ಲಿ ಅರ್ಥ ಬರೆಯಲು ಹೇಳಿದೆವು. ಅವಳು ಕಾಲೇಜು ಬಿಡಲಿಲ್ಲ. ಆ ವಹಿಯನ್ನು ಈಗ ಅವಳ ಗೆಳತಿಯರು ನಕಲು ಮಾಡಿಕೊಳ್ಳುತ್ತಾರೆ.

ಇನ್ನು ಹುಕ್ಕೇರಿಯ ಪ್ರಶ್ನೆ. ನಮ್ಮ ವ್ಯಾಕರಣದ ಓದು ನೇರವಾಗಿ ನೆರವಿಗೆ ಬಂದದ್ದು ಇಲ್ಲಿಯೇ. ಒಬ್ಬ ಯುವತಿಗೆ ಎರಡು ಹೆಸರುಪಟ್ಟಿಗಳನ್ನು ಹೋಲಿಸಿ, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದವರನ್ನು ಆರಿಸುವ ಕೆಲಸ ಬಂದಿತ್ತು. ಹಾಗೆ ಆರಿಸಿದವರಿಗೆ ಒಂದು ನೆರವು ನಿಲ್ಲುವುದಿತ್ತು. ಪ್ರೋಗ್ರಾಮು ಯಾವ ದೋಷವನ್ನೂ ತೋರಿಸದೆ ಓಡಿತು, ಪಟ್ಟಿಯನ್ನೂ ಕೊಟ್ಟಿತು. ಆದರೆ ಅದರಲ್ಲಿ ತನ್ನ ಓಣಿಯ ಹಿರಿಯರೊಬ್ಬರ ಹೆಸರು ಕಂಡು ಅವಳಿಗೆ ಸಂಶಯ ಬಂತು. ಅವರ ಹೆಸರು ಎರಡೂ ಪಟ್ಟಿಗಳಲ್ಲಿ ಕಣ್ಣಿಗೆ ಕಾಣುತ್ತಿತ್ತು. ಯಂತ್ರ ಮಾತ್ರ ಇಲ್ಲವೆನ್ನುತ್ತಿತ್ತು.

ಕಾರಣವನ್ನು ಊರ ಹೆಸರುಗಳಿಂದಲೇ ತಿಳಿಯಬಹುದು. ಹುಕ್ಕೇರಿ ಎಂಬಲ್ಲಿ ನಾವು ಮೂರು ಅಕ್ಷರ ಎಣಿಸುತ್ತೇವೆ. ಪೈಥಾನ್‌ನ 'ಲೆನ್' ಆಜ್ಞೆ 8 ಎನ್ನುತ್ತದೆ: ಹಕಾರ, ಉಕಾರದ ಕೊಂಬು, ಕಕಾರ, ಒತ್ತಕ್ಷರ ಮಾಡುವ ವಿರಾಮಚಿಹ್ನೆ, ಮತ್ತೆ ಕಕಾರ, ಏಕಾರದ ಚಿಹ್ನೆ, ರಕಾರ, ಇಕಾರದ ಗುಡಿಸು. ಯೂನಿಕೋಡ್ ಎಂಬ ಲಿಪಿಸಂಕೇತದಲ್ಲಿ ಒಂದೊಂದಕ್ಕೂ ಒಂದು ಸಂಖ್ಯೆಯಿದೆ. ಯಂತ್ರ ಎಣಿಸುವುದು ಅವನ್ನೇ. ಇನ್ನು ಗೋಕಾಕದ ಓಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಹ್ರಸ್ವ ಒಕಾರ ಮತ್ತು ದೀರ್ಘಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಮೊದಲನೆಯದಕ್ಕೆ ಒಟ್ಟು ಸಂಕೇತ 5, ಎರಡನೆಯದಕ್ಕೆ 6. ಕಣ್ಣಿಗೆ ಎರಡೂ ಗೋಕಾಕವೇ. ಯಂತ್ರಕ್ಕೆ ಬೇರೆ ಬೇರೆ ಪದಗಳು. ಆ ಯುವತಿಯ ಒಂದು ಪಟ್ಟಿ ಹಳೆಯ ಅಕ್ಷರವಿನ್ಯಾಸದಿಂದ ಪರಿವರ್ತನೆಗೊಂಡು ಬಂದುದರಿಂದ ಅದರ ದೀರ್ಘಸ್ವರಗಳು ಹೀಗೆ ಒಡೆದುಹೋಗಿದ್ದವು.

ಇದಕ್ಕೆ ಮದ್ದು ಪೈಥಾನ್‌ನಲ್ಲಿಯೇ ಇದೆ. 'ಯೂನಿಕೋಡ್‌ಡೇಟಾ' ಎಂಬ ಭಾಗದ 'ನಾರ್ಮಲೈಸ್' ಆಜ್ಞೆಗೆ 'ಎನ್‌ಎಫ್‌ಸಿ' ಎಂಬ ಸೂಚನೆ ಕೊಟ್ಟರೆ ಒಡೆದ ಸ್ವರಗಳೆಲ್ಲ ಕೂಡಿ ಒಂದೇ ರೂಪ ತಾಳುತ್ತವೆ. ಎರಡೂ ಪಟ್ಟಿಗಳನ್ನು ಹಾಗೆ ತಿದ್ದಿದ ಮೇಲೆ ಆ ಹಿರಿಯರ ಹೆಸರು ಸಿಕ್ಕಿತು. ಅವರಂತೆಯೇ ಕಳೆದುಹೋಗಿದ್ದ ಇತರರ ಹೆಸರುಗಳೂ ಸಿಕ್ಕವು. ತಮ್ಮ ಹೆಸರು ಒಂದು ವಾರ ಕಾಣೆಯಾಗಿದ್ದ ಸಂಗತಿ ಅವರಾರಿಗೂ ತಿಳಿಯದು.

ಈಗ ಕೇಳಿದ ಕ್ಷಣದಲ್ಲಿಯೇ ಪ್ರೋಗ್ರಾಮು ಬರೆದುಕೊಡುವ ಸಾಧನಗಳು ಮಕ್ಕಳ ಮೊಬೈಲಿನಲ್ಲಿಯೇ ಇವೆ. ಕನ್ನಡದಲ್ಲಿ ಕೇಳಿದರೂ ಉತ್ತರಿಸುತ್ತವೆ. ಇನ್ನು ನಿಮ್ಮನ್ನು ಏಕೆ ಕೇಳಬೇಕೆಂದು ಕೆಲವರು ವಿನೋದ ಮಾಡುತ್ತಾರೆ. ಆ ಸಾಧನಗಳನ್ನು ನಾವು ಹಳಿಯುವುದಿಲ್ಲ, ನಾವೂ ಬಳಸುತ್ತೇವೆ. ಆದರೆ ಎರಡು ಪಟ್ಟಿ ಹೋಲಿಸುವ ಪ್ರೋಗ್ರಾಮು ಕೊಡು ಎಂದಷ್ಟೇ ಕೇಳಿದ್ದರೆ, ಓಡುವ ಪ್ರೋಗ್ರಾಮೊಂದು ಸಿಕ್ಕುತ್ತಿತ್ತು. ತಪ್ಪು ಪಟ್ಟಿಯೂ ಸಿಕ್ಕುತ್ತಿತ್ತು. ಓಣಿಯ ಹಿರಿಯರನ್ನು ಬಲ್ಲ ಹುಕ್ಕೇರಿಯ ಮಗಳಿಗೆ ಬಂದ ಸಂಶಯ ಯಂತ್ರಕ್ಕೆ ಎಲ್ಲಿಂದ ಬರಬೇಕು? ಬಂದದ್ದು ಎಣಿಸಿದ್ದರ ಹಾಗಿಲ್ಲ ಎಂದು ಗುರುತಿಸುವ ಕೆಲಸ ಮನುಷ್ಯರಿಗೇ ಉಳಿದಿದೆ.

ಆದ್ದರಿಂದ ತಂದೆತಾಯಿಗಳಲ್ಲಿ ನಮ್ಮ ಅರಿಕೆ ಒಂದಿದೆ. ಮಗ ಅಥವಾ ಮಗಳು ಯಂತ್ರದ ಮುಂದೆ ತಲೆಗೆ ಕೈಹೊತ್ತು ಕುಳಿತಿದ್ದರೆ, "ಇಷ್ಟೂ ಬರೂದಿಲ್ಲೇನ?" ಎನ್ನಬೇಡಿರಿ. ಪಕ್ಕದಲ್ಲಿ ಕುಳಿತು, ಬರೆದದ್ದೇನು, ಎಣಿಸಿದ್ದೇನು, ಬಂದದ್ದೇನು ಎಂದು ಕೇಳಿರಿ. ಅದಕ್ಕೆ ಪೈಥಾನ್ ತಿಳಿದಿರಬೇಕಾಗಿಲ್ಲ, ಇಂಗ್ಲಿಷೂ ಬೇಕಾಗಿಲ್ಲ. ಮಗು ತನ್ನ ಕಷ್ಟವನ್ನು ತಾಯ್ನುಡಿಯಲ್ಲಿ ಪೂರ್ಣವಾಗಿ ಹೇಳುವಷ್ಟು ಹೊತ್ತು ತಾಳ್ಮೆಯಿಂದ ಕೇಳಿಸಿಕೊಂಡರೆ ಸಾಕು.