ಕೋವಿಯ ಕುದುರೆ

ನಾನು ಬೇಟೆಗಾರನಲ್ಲ. ಮೂವತ್ತು ವರ್ಷ ನ್ಯಾಯಾಲಯದಲ್ಲಿ ರೆಮಿಂಗ್ಟನ್ ಟೈಪ್‌ರೈಟರಿನ ಮುಂದೆ ಕುಳಿತು ಊರವರ ಜಗಳಗಳನ್ನು ಕುಟ್ಟಿದವನು. ಇಂಥವನು ಅಮೆರಿಕದ ಹಳೆಯ ಜೋಡುನಳಿಗೆ ಕೋವಿಗಳ ಗುಣದೋಷ ಹೇಳಹೊರಟರೆ ನೀವು ನಗುವುದು ಸಹಜ. ನಕ್ಕು ಮುಂದೆ ಓದಿ.

ಕನೆಕ್ಟಿಕಟ್ಟಿನಲ್ಲಿರುವ ಮಗನ ಮನೆಗೆ ಹೋಗಿದ್ದಾಗ ನೆರೆಮನೆಯ ವೃದ್ಧರೊಬ್ಬರ ಪರಿಚಯವಾಯಿತು. ನನ್ನ ಉದ್ಯೋಗ ಏನಿತ್ತೆಂದು ತಿಳಿದೊಡನೆ ಅವರು, "ಹಾಗಾದರೆ ನನ್ನ ಕೋವಿಗಳನ್ನು ನೀವು ನೋಡಲೇಬೇಕು" ಎಂದರು. ಟೈಪಿಗೂ ಕೋವಿಗೂ ಎಲ್ಲಿಯ ನಂಟು ಎಂದುಕೊಳ್ಳುತ್ತಲೇ ಹೋದೆ. ಮೇಜಿನ ಮೇಲೆ ಮೂರು ಕೋವಿಗಳು ಮಲಗಿದ್ದವು. ಮೂರಕ್ಕೂ ಅಕ್ಕಪಕ್ಕದಲ್ಲಿ ಎರಡೆರಡು ನಳಿಗೆ. ಹೊರಗಡೆ ಮೊಲದ ಕಿವಿಯ ಹಾಗೆ ಎರಡೆರಡು ಸುತ್ತಿಗೆ. ನಮ್ಮ ಕಡೆ ಅದನ್ನು ಕುದುರೆ ಎನ್ನುತ್ತಿದ್ದರು.

ಮೊದಲನೆಯದು ಪಾರ್ಕರ್. ಅದು ಹುಟ್ಟಿದ ಮೆರಿಡನ್ ಪಟ್ಟಣ ಅದೇ ಸೀಮೆಯದು. ಚಾರ್ಲ್ಸ್ ಪಾರ್ಕರ್ 1832ರಲ್ಲಿ ಕೈಹಾಕಿದ್ದು ಕಾಫಿಬೀಜ ಪುಡಿಮಾಡುವ ಯಂತ್ರಕ್ಕೆ! ಅಂತರ್ಯುದ್ಧದ ಕಾಲದಲ್ಲಿ ಅವರ ಕಾರ್ಖಾನೆ ಸೈನ್ಯಕ್ಕೆ ಬಂದೂಕು ಮಾಡಿತು. ಯುದ್ಧ ಮುಗಿದ ಮೇಲೆ ಜೋಡುನಳಿಗೆಗೆ ಬಂತು. ಟ್ರಿಗರಿನ ಬಳೆಯ ಮುಂದೆ, ಹೊಟ್ಟೆಯಡಿಯಲ್ಲಿ, ಒಂದು ಗುಂಡಿ. ಅದನ್ನು ಮೇಲಕ್ಕೆ ಒತ್ತಿದರೆ ಕೋವಿ ಬಾಗಿ ಬಾಯಿ ತೆರೆಯುತ್ತದೆ. ಎರಡನೆಯದು 1874ರ ಮಾದರಿಯ ರೆಮಿಂಗ್ಟನ್. ಇದರಲ್ಲಿ ಎರಡು ಕುದುರೆಗಳ ನಡುವಿನ ಸನ್ನೆಯನ್ನು ಹೆಬ್ಬೆರಳಿನಿಂದ ಮೇಲಕ್ಕೆತ್ತಬೇಕು. ಅದೇ 1874ರಲ್ಲಿ, ಅದೇ ಇಲಿಯನ್ ಊರಿನ ಕಾರ್ಖಾನೆಯಿಂದ, ಅವರ ಮೊದಲ ಟೈಪ್‌ರೈಟರು ಮಾರುಕಟ್ಟೆಗೆ ಬಂದಿತ್ತು. ನನ್ನ ಅನ್ನದಾತನ ಒಡಹುಟ್ಟಿದವನನ್ನು ಕಂಡಂತಾಯಿತು. ಮೂರನೆಯದು ಎಲ್. ಸಿ. ಸ್ಮಿತ್. ಇದರ ಸನ್ನೆಯನ್ನು ಪಕ್ಕಕ್ಕೆ ತಳ್ಳಬೇಕು. ಒಳಗಿನ ಅಗಳಿ ತಿರುಗುವಂಥದು. ಸವೆದಷ್ಟೂ ಇನ್ನಷ್ಟು ತಿರುಗಿ ಬಿಗಿಯಾಗುತ್ತದೆ. ಅದನ್ನು ಕಂಡುಹಿಡಿದ ಅಲೆಕ್ಸಾಂಡರ್ ಬ್ರೌನ್ ಮುಂದೆ ಅದೇ ಯಜಮಾನರಿಗೆ ಟೈಪ್‌ರೈಟರನ್ನೂ ರಚಿಸಿಕೊಟ್ಟ. ಯಜಮಾನರು ಕೋವಿಯ ವ್ಯಾಪಾರವನ್ನು ಬೇರೆಯವರಿಗೆ ಮಾರಿ ಟೈಪನ್ನೇ ಹಿಡಿದರು. ನಂಟು ಈಗ ತಿಳಿಯಿತು.

ಈ ಕೋವಿಗಳ ಗುಣವೆಂದರೆ ಬಚ್ಚಿಟ್ಟುಕೊಳ್ಳದಿರುವುದು. ಕುದುರೆ ಎದ್ದಿದೆಯೆ, ಮಲಗಿದೆಯೆ ಎಂಬುದು ಹತ್ತು ಮಾರು ದೂರಕ್ಕೂ ಕಾಣುತ್ತದೆ. 1883ರಲ್ಲಿ ಕೋಲ್ಟ್ ಕಂಪನಿ ಕುದುರೆಯನ್ನು ಒಳಗೆ ಅಡಗಿಸಿದ ಜೋಡುನಳಿಗೆಯನ್ನು ತಂದಿತು. ಉಳಿದವರೂ ಅದೇ ದಾರಿ ಹಿಡಿದರು. ಆಮೇಲೆ ಕೋವಿಯ ಮನಸ್ಸು ಹೊರಗಿನವರಿಗೆ ತಿಳಿಯದಾಯಿತು.

"ಹಾಗಾದರೆ ಇವುಗಳ ದೋಷ?" ಎಂದು ಕೇಳಿದೆ.

ಅವರು ನಳಿಗೆಗಳು ಬರಿದಾಗಿರುವುದನ್ನು ತೋರಿಸಿ, ಪಾರ್ಕರನ್ನು ನನ್ನ ಕೈಗಿತ್ತು, "ಕುದುರೆ ಎತ್ತಿ. ಈಗ ಹೊಡೆಯದೆ ಇಳಿಸಿ" ಎಂದರು.

ಹೆಬ್ಬೆರಳು ಏಳಲಿಲ್ಲ.

1959ರ ಮಳೆಗಾಲ, ತೀರ್ಥಹಳ್ಳಿಯ ಕಡೆಯ ನಮ್ಮ ಮನೆ. ಅಡಕೆ ತೋಟಕ್ಕೆ ಹಂದಿ ನುಗ್ಗಿದೆಯೆಂದು ಅಪ್ಪಯ್ಯ ಜೋಡುನಳಿಗೆ ಹಿಡಿದು ಹೋಗಿದ್ದರು. ಅದು ಅಮೆರಿಕದ್ದಲ್ಲ, ಕುದುರೆಗಳು ಮಾತ್ರ ಹೀಗೆಯೇ ಹೊರಗೆ. ಹಂದಿ ಸಿಗಲಿಲ್ಲ. ತೊಯ್ದು ತೊಪ್ಪೆಯಾಗಿ ಬಂದು ಜಗಲಿಯ ಮೇಲೆ ನಿಂತು ಕುದುರೆ ಇಳಿಸುತ್ತಿದ್ದರು. ಎರಡು ಮಾರು ದೂರದಲ್ಲಿ ನಾನು. ಸಿಡಿಲು ಬಡಿದಂತಾಯಿತು. ಸೂರಿನ ಹೆಂಚು ಪುಡಿಯಾಗಿ ನನ್ನ ತಲೆಯ ಮೇಲೆ ಸುರಿಯಿತು. ನನಗೇನೂ ಆಗಲಿಲ್ಲ. ಅಮ್ಮ ಎಂಟು ದಿನ ಅಪ್ಪಯ್ಯನ ಹತ್ತಿರ ಮಾತಾಡಲಿಲ್ಲ. ಅಜ್ಜಿ ಸಾಯುವವರೆಗೂ, "ಮೈಮೇಲೆ ಎಚ್ಚರವಿಲ್ಲದವ" ಎನ್ನುತ್ತಿದ್ದಳು. ಅಪ್ಪಯ್ಯ ಕೋವಿಯನ್ನು ಮಾರಿದರು; ಒಂದು ಮಾತೂ ಆಡಲಿಲ್ಲ. ನಾನೂ ಅಜ್ಜಿಯ ಮಾತನ್ನೇ ನಂಬಿ ಬೆಳೆದೆ. ಅವರು ಏನನ್ನು ಕೈಗೆತ್ತಿಕೊಂಡರೂ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದೆ. ಅವರಿಗೆ ಅದು ಕಾಣುತ್ತಿತ್ತು.

ವೃದ್ಧರು ಕಾಯುತ್ತಿದ್ದರು. ಕುದುರೆ ಎತ್ತಿದೆ. ಹೆಬ್ಬೆರಳಿನಿಂದ ಅದನ್ನು ತಡೆಹಿಡಿದು, ಇನ್ನೊಂದು ಬೆರಳಿನಿಂದ ಟ್ರಿಗರ್ ಒತ್ತಿ, ಮೆಲ್ಲಗೆ ಕೆಳಗಿಳಿಸಬೇಕು. ಒತ್ತಿದ್ದೇ ತಡ, ಒಳಗಿನ ಸ್ಪ್ರಿಂಗು ನಿಜವಾದ ಕುದುರೆಯ ಹಾಗೆಯೇ ಮುಂದಕ್ಕೆ ನುಗ್ಗಿತು. ಒಣಗಿದ ಕೈ, ಬೆಚ್ಚಗಿನ ಕೋಣೆ, ಬರಿದಾದ ನಳಿಗೆ. ಆದರೂ ಅರ್ಧದಲ್ಲಿ ಜಾರಿತು. ಟಪ್ಪೆಂದಿತು.

"ದೋಷ ಇದೇ" ಎಂದರು ಅವರು. "ಹೊಸ ಮಾದರಿಯ ಬೀಗದಲ್ಲಿ ಹೊಡೆದ ಕುದುರೆ ತಾನಾಗಿ ಹಿಂದೆ ಸರಿದು ನಿಲ್ಲುತ್ತದೆ. ಆದರೆ ಎತ್ತಿದ್ದನ್ನು ಇಳಿಸಲು ಹೆಬ್ಬೆರಳೊಂದೇ ಗತಿ. ಮಳೆಯಲ್ಲಿ, ಚಳಿಯಲ್ಲಿ, ಎಂಥ ಎಚ್ಚರದವನಿಗೂ ಜಾರಬಹುದು."

ಇದನ್ನು ನನಗೆ ಹೇಳಲು ಅಪ್ಪಯ್ಯನಿಗೆ ಬಾಯಿ ಬರಲಿಲ್ಲ. ಕೇಳಲು ನಾನು ಹತ್ತಿರ ಹೋಗಲಿಲ್ಲ. ಅವರು ತೀರಿಕೊಂಡು ಬಹಳ ವರ್ಷವಾಗಿತ್ತು.

ಮೂರರಲ್ಲಿ ಯಾವುದು ಮೆಚ್ಚುಗೆಯಾಯಿತೆಂದು ವೃದ್ಧರು ಕೇಳಿದರು. ಪಾರ್ಕರನ್ನು ತೋರಿಸಿದೆ.

"ಕಾಫಿಯ ಸೀಮೆಯವರಲ್ಲವೆ!" ಎಂದು ಅವರು ನಕ್ಕರು. ಹೌದೆಂದೆ.