ಅಂಪೈರನ ನಡಿಗೆ

ಆಟ ನೋಡುವವರು ಸಾಮಾನ್ಯವಾಗಿ ಚೆಂಡನ್ನು ನೋಡುತ್ತಾರೆ. ನನಗೋ ಚೆಂಡು ನಿಂತಾಗಲೇ ಆಟ ಹೆಚ್ಚು ರುಚಿಸುತ್ತದೆ. ಆದ್ದರಿಂದಲೇ ಅಮೆರಿಕದವರ ಬೇಸ್‌ಬಾಲ್ ನನಗೆ ಒಪ್ಪಿದ ಆಟ. ಅಲ್ಲಿ ರಾತ್ರಿಯಾದರೆ ಇಲ್ಲಿ ಬೆಳಗು. ಹಾಸ್ಟೆಲಿನಲ್ಲಿ ಸ್ನಾನದ ಸರದಿ ಕಾಯುತ್ತ ಗೆಳೆಯನ ಮೊಬೈಲಿನಲ್ಲಿ ಎಷ್ಟೋ ಪಂದ್ಯಗಳನ್ನು ಕಂಡಿದ್ದೇನೆ.

ಚೆಂಡೆಸೆಯುವ ಪಿಚರ್ ನಿಲ್ಲುವುದು ಒಂದು ಪುಟ್ಟ ಮಣ್ಣಿನ ದಿಬ್ಬದ ಮೇಲೆ. ಅವನಿಗೂ ದಾಂಡಿಗನ ಬಳಿಯ ಪ್ಲೇಟಿಗೂ 60 ಅಡಿ 6 ಅಂಗುಲ ದೂರ. ಅವನ ಗುರಿ ತಪ್ಪತೊಡಗಿದರೆ ಕೋಚ್ ವಿರಾಮ ಕೇಳಿ ದಿಬ್ಬಕ್ಕೆ ಬರುತ್ತಾನೆ. ಕ್ಯಾಚರನೂ ಬಂದು ಸೇರುತ್ತಾನೆ. ಕೈಗವಸನ್ನು ಬಾಯಿಗೆ ಅಡ್ಡ ಹಿಡಿದು ಗುಸುಗುಸು ನಡೆಯುತ್ತದೆ. ಕೆಲವೊಮ್ಮೆ ಅದು ನಿಜವಾದ ಬುದ್ಧಿಮಾತು. ಕೆಲವೊಮ್ಮೆ ಬದಲಿ ಪಿಚರ್ ಸಿದ್ಧನಾಗಲೆಂದು ಹೊತ್ತು ಕಳೆಯುವ ಉಪಾಯ.

ಆಗ ಅಂಪೈರ್ ಏನು ಮಾಡಬೇಕು? ಒಡನೆ ಗದರಿದರೆ ಕಷ್ಟದಲ್ಲಿರುವವನಿಗೆ ಅನ್ಯಾಯ. ಸುಮ್ಮನಿದ್ದರೆ ದಾಂಡು ಹಿಡಿದು ಕಾಯುವವನಿಗೆ ಅನ್ಯಾಯ. ಅನುಭವಿಯಾದವನು ಬಗ್ಗಿ, ಪುಟ್ಟ ಬ್ರಷ್ಷಿನಿಂದ ಪ್ಲೇಟಿನ ಧೂಳು ಒರಸುತ್ತಾನೆ. ಆಮೇಲೆ ದಿಬ್ಬದ ಕಡೆಗೆ ನಿಧಾನವಾಗಿ ಹೆಜ್ಜೆ ಹಾಕುತ್ತಾನೆ. ಅನೇಕ ಸಲ ಅವನು ತಲಪುವಷ್ಟರಲ್ಲಿ ಸಭೆ ಮುಗಿದಿರುತ್ತದೆ. ಅವನು ಬರುತ್ತಿರುವುದೇ ಆಜ್ಞೆ. ನಿಧಾನವಾಗಿ ಬರುತ್ತಿರುವುದೇ ದಯೆ. ಅವನು ಬರಲೆಂದೇ ಕಾದು ನಿಂತು, ಹಿಂದಿನ ತೀರ್ಪಿನ ಮೇಲಿನ ಸಿಟ್ಟನ್ನು ಅವನ ಕಿವಿಗೆ ಹಾಕುವ ಕಿಲಾಡಿ ಕೋಚುಗಳೂ ಉಂಟು!

ಒಂದೇ ಇನ್ನಿಂಗ್ಸಿನಲ್ಲಿ ಕೋಚ್ ಎರಡನೆಯ ಸಲ ಅದೇ ಪಿಚರನ ಬಳಿಗೆ ಹೋದರೆ ಅವನನ್ನು ಇಳಿಸಲೇಬೇಕೆಂಬ ನಿಯಮ ಮೊದಲೇ ಇತ್ತು. ಅದು ಸಾಲದೆಂದು ಮೇಜರ್ ಲೀಗಿನವರು 2016ರಲ್ಲಿ ಕೋಚಿನ ಭೇಟಿಗೆ 30 ಸೆಕೆಂಡುಗಳ ಮಿತಿ ಹಾಕಿದರು. ಪಿಚರನನ್ನು ಬದಲಿಸದೆ ಹಿಂದಿರುಗುವ ಭೇಟಿಗಳನ್ನು 2018ರಲ್ಲಿ ಒಂಬತ್ತು ಇನ್ನಿಂಗ್ಸಿನ ಪಂದ್ಯಕ್ಕೆ ಆರು, 2019ರಲ್ಲಿ ಐದು, 2024ರಲ್ಲಿ ನಾಲ್ಕು ಎಂದು ಇಳಿಸುತ್ತ ಬಂದರು. 2023ರಲ್ಲಿ ಎಸೆತಕ್ಕೇ ಗಡಿಯಾರ ಬಂದು, ಸುಮಾರು ಮೂರು ಗಂಟೆಯ ಪಂದ್ಯ ಎರಡು ಗಂಟೆ ನಲವತ್ತು ನಿಮಿಷಕ್ಕೆ ಇಳಿಯಿತು. ಕಾಯುವವರಿಗೆ ಇದರಿಂದ ಉಪಕಾರವಾಯಿತೆಂಬುದನ್ನು ಒಪ್ಪಲೇಬೇಕು. ಗಡಿಯಾರಕ್ಕೆ ದೊಡ್ಡ ತಂಡ, ಸಣ್ಣ ತಂಡ ಎಂಬ ಭೇದವಿಲ್ಲ.

ಆದರೂ ನನ್ನ ಮನಸ್ಸು ಆ ನಡಿಗೆಯ ಕಡೆಗೇ ವಾಲುತ್ತದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪರೀಕ್ಷೆಯ ಹಿಂದಿನ ರಾತ್ರಿ ನಮ್ಮಪ್ಪ ಫೋನು ಮಾಡುತ್ತಾರೆ. ಅರ್ಥಶಾಸ್ತ್ರದ ವಿಷಯದಲ್ಲಿ ಅವರು ಹೇಳುವಂಥದೇನೂ ಇಲ್ಲ. ಉಂಡೆಯಾ ಎನ್ನುತ್ತಾರೆ, ಅಲ್ಲಿ ಮಳೆಯಾಯಿತೇ ಎನ್ನುತ್ತಾರೆ, ಕರು ಹಾಕಿದ ಎಮ್ಮೆಯ ಸುದ್ದಿ ಹೇಳುತ್ತಾರೆ, ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಎಲ್ಲ ಮುಗಿದ ಮೇಲೆ, "ಹೆದರಬ್ಯಾಡ ಮಗಾ, ಬರಿ" ಎನ್ನುತ್ತಾರೆ. ಆ ಒಂದು ಮಾತಿಗೆ ಮೂವತ್ತು ಸೆಕೆಂಡು ಸಾಲದು. ಗಡಿಯಾರ ಹಿಡಿದವನಿಗೆ ಅದರ ಮುಂಚಿನದೆಲ್ಲ ಕಾಲಹರಣವಾಗಿಯೇ ಕಂಡೀತು.

ಗೆಳೆಯರೇ, ಇನ್ನು ಕೆಲವೇ ತಿಂಗಳಲ್ಲಿ ನಾವು ಪದವೀಧರರು. ನಮ್ಮಲ್ಲಿ ಹಲವರು ಯಾವುದಾದರೊಂದು ಕಚೇರಿಯ ಮೇಜಿನ ಹಿಂದೆ ಕೂರುವವರೇ. ಎದುರಿಗೆ ನಮ್ಮಪ್ಪನಂಥವರೊಬ್ಬರು ಅರ್ಜಿ ಹಿಡಿದು, ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ, ಮಳೆಯಿಂದ ಮಾತು ತೆಗೆಯುತ್ತಾರೆ. ಅವರ ಹಿಂದೆ ಉದ್ದನೆಯ ಸಾಲಿರುತ್ತದೆ. ಸಾಲನ್ನು ಮರೆಯುವಂತಿಲ್ಲ; ಅವರನ್ನು ಗದರುವಂತೆಯೂ ಇಲ್ಲ. ಆಗ ಎಷ್ಟು ನಿಧಾನವಾಗಿ ನಡೆಯಬೇಕೆಂಬುದು ಯಾವ ನಿಯಮದ ಪುಸ್ತಕದಲ್ಲಿಯೂ ಸಿಗದು. ಅದನ್ನು ನಾವೇ ಕಲಿಯಬೇಕು.